ಹಗಲು ಹೇಳದ ಕತೆ

ಮೈಸೂರಿನ ರೈಲ್ವೆ ವರ್ಕ್‌ಷಾಪಿನ ಸೈರನ್ನಿನ ಕೂಗು ಮೊದಲು ಗಂಟಲು ಸರಿಮಾಡಿಕೊಂಡಂತೆ ಗೊರಗುಟ್ಟುತ್ತಿತ್ತು. ಆಮೇಲೆ ಒಂದೇ ಎಳೆಯಾಗಿ ಏರಿ, ಅಶೋಕಪುರಂ ದಾಟಿ, ಕೃಷ್ಣಮೂರ್ತಿಪುರಂನ ಕೊನೆಯ ಸಾಲಿನ ಹೆಂಚುಗಳ ಮೇಲೆ ಹಾದುಹೋಗುತ್ತಿತ್ತು. ಆ ಸಾಲಿನವರು ಅದನ್ನು ಕೇಳಿ ಗಡಿಯಾರ ತಿರುಗಿಸಿಕೊಳ್ಳುತ್ತಿದ್ದರು, ಹಾಲಿನವನನ್ನು ಬಯ್ಯುತ್ತಿದ್ದರು, ಮಕ್ಕಳನ್ನು ಎಬ್ಬಿಸುತ್ತಿದ್ದರು. ಹಿತ್ತಲ ಕಡೆಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ದಾಕ್ಷಾಯಣಮ್ಮ ಮಾತ್ರ ಅದು ನಿಲ್ಲುವಷ್ಟರಲ್ಲಿ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಒಲೆಯ ಮುಂದೆ ಇರುತ್ತಿದ್ದರು.

ಆ ಸೋಮವಾರ ಕೂಗು ಇನ್ನೂ ಏರುತ್ತಿರುವಾಗಲೇ ಯಾರೋ ಬಾಗಿಲು ಬಡಿದರು.

ಹೊರಗೆ ಬೀರಮ್ಮ ನಿಂತಿದ್ದಳು. ದಾಕ್ಷಾಯಣಮ್ಮ ಕನ್ನಡ ಕಲಿಸುತ್ತಿದ್ದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಎಸ್ಸೆಲ್ಸಿ ಓದುತ್ತಿದ್ದ ಹುಡುಗಿ. ವರ್ಕ್‌ಷಾಪಿನ ಆಚೆ ಬದಿಯ ಸಾಲುಮನೆಯಿಂದ ಓಡಿ ಬಂದಿದ್ದಳು. ಒಂದು ಜಡೆ ಹೆಣೆದಿತ್ತು, ಇನ್ನೊಂದು ಹಾಗೇ ಬಿಚ್ಚಿಕೊಂಡಿತ್ತು. ಎದೆಗೆ ಅವುಚಿಕೊಂಡ ಹಾಳೆಗಳು ಅವಳ ಉಸಿರಿನ ಜೊತೆ ಏರಿ ಇಳಿಯುತ್ತಿದ್ದವು.

"ಅಜ್ಜಿ ಎದ್ದು ಹೋಗ್ಬುಟ್ರು ಮೇಡಂ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ನೆನ್ನೆ ದೀಪ ಹಚ್ಚಿದ ಮೇಲೆ ಕತೆ ಓದ್ತಿದ್ದೆ. ಎದ್ದು ಒಳಗೆ ಹೋದ್ರು. ಆಗ್ಲಿಂದ ನನ್ನ ಜೊತೆ ಮಾತಿಲ್ಲ. ತಟ್ಟೆ ಮುಂದೆ ಕೂತ್ರು, ಮುದ್ದೆ ಮುರೀಲೇ ಇಲ್ಲ."

"ಎಲ್ಲಿ ಎದ್ರು, ತೋರಿಸು."

ಹುಡುಗಿ ಕೊನೆಯ ಹಾಳೆ ಚಾಚಿದಳು. ಅಲ್ಲಿ ಸೀಸದಕಡ್ಡಿಯ ಒಂದು ಗೀಟು ಇತ್ತು. ಗೀಟಿನ ಮೇಲಿನ ಸಾಲು ಹೀಗಿತ್ತು: *ಬಾವುಟ ಹಿಡಿದ ಕೈ ಸಡಿಲಲಿಲ್ಲ. ಚಿಕ್ಕಪ್ಪ ನೆಲಕ್ಕೆ ಒರಗಿ, ಅವ್ವಾ ಎಂದು ಒಮ್ಮೆ ಕರೆದು, ಕಣ್ಣು ಮುಚ್ಚಿದ.*

ಆ ಗೀಟು ದಾಕ್ಷಾಯಣಮ್ಮನವರೇ ಕಲಿಸಿದ್ದು. ಪ್ರತಿ ಶನಿವಾರ ಮಧ್ಯಾಹ್ನ, ಊಟದ ಗಂಟೆಯ ನಂತರ, ಕತೆ ಬರೆಯುವ ಆಸೆಯಿದ್ದ ಎಂಟು ಹತ್ತು ಹುಡುಗಿಯರನ್ನು ಕೂರಿಸಿಕೊಂಡು ಅವರು ತಿದ್ದಿಸುತ್ತಿದ್ದರು. ತಾವು ತಿದ್ದುತ್ತಿರಲಿಲ್ಲ, ತಿದ್ದಿಸುತ್ತಿದ್ದರು. ಕೆಂಪು ಮಸಿ ಅವರ ಮೇಜಿನ ಮೇಲೆ ಇರುತ್ತಲೇ ಇರಲಿಲ್ಲ. "ಬರೆದದ್ದನ್ನ ಮನೆಗೆ ತಗೊಂಡು ಹೋಗಿ," ಎನ್ನುತ್ತಿದ್ದರು. "ಮನೇಲಿ ಓದು ಬರದವರು ಯಾರಿದ್ದಾರೆ? ಅವರ ಮುಂದೆ ಓದಿ. ಅವರು ಎದ್ದು ಹೋದ ಕಡೆ ಒಂದು ಗೀಟು ಎಳೀರಿ. ಕತೆ ಅಲ್ಲಿ ಸತ್ತಿದೆ ಅಂತ ಅರ್ಥ. ಅಲ್ಲಿಂದ ಮತ್ತೆ ಬರೀರಿ."

ಇದನ್ನು ಅವರು ಯಾವ ಟ್ರೈನಿಂಗ್ ಕಾಲೇಜಿನಲ್ಲೂ ಕಲಿತದ್ದಲ್ಲ. ಕಲಿತದ್ದು ನಂಜನಗೂಡಿನ ಕಡೆಯ ಒಂದು ಮಠದ ಪಕ್ಕದ ಮನೆಯಲ್ಲಿ. ಅವರ ತಾಯಿ ಪುಟ್ಟಬಸಮ್ಮನಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಸಂಜೆ ಮಗಳು ಪುರಾಣ ಓದಬೇಕು, ತಾಯಿ ಬತ್ತಿ ಹೊಸೆಯುತ್ತ ಕೇಳಬೇಕು. ಓದುವ ದನಿಯಲ್ಲಿ ಜೀವ ಹೋದ ಗಳಿಗೆಯಲ್ಲೇ ತಾಯಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು. ಹಾಲು ಇಲ್ಲದ ದಿನವೂ ನೆನಪಾಗಿ ಎದ್ದುಬಿಡುತ್ತಿದ್ದಳು. ಮದುವೆಯಾಗಿ ಎರಡನೆಯ ವರ್ಷಕ್ಕೇ ಗಂಡ ತೀರಿಕೊಂಡು ಮಗಳು ತವರಿಗೆ ಮರಳಿದಾಗ, "ಮನೇಲಿರು, ಎರಡು ಹೊತ್ತು ಊಟಕ್ಕೇನು" ಎಂದವನು ಅಣ್ಣ ರುದ್ರಸ್ವಾಮಿ. ಆ ಮಾತು ಮುಗಿಯುವ ಮೊದಲೇ ತಾಯಿ ಎದ್ದು ಒಳಗೆ ಹೋದಳು. ಅದನ್ನು ನೋಡಿಯೇ ದಾಕ್ಷಾಯಣಿಗೆ ದಾರಿ ತಿಳಿಯಿತು. ಮೈಸೂರಿನ ಹಾಸ್ಟೆಲು, ಪಂಡಿತ ಪರೀಕ್ಷೆ, ಈ ಸ್ಕೂಲು, ಈ ಎರಡು ಕೋಣೆ ಎಲ್ಲ ಆಮೇಲಿನದು. ಈಗ ಅವರಿಗೆ ನಲವತ್ತು ದಾಟಿತ್ತು.

ತಾವಾಗಿ ಅವರು ಹುಡುಗಿಯರ ಹಾಳೆಯ ಅಂಚಿನಲ್ಲಿ ಬರೆಯುತ್ತಿದ್ದುದು ಒಂದೇ ಪದ. "ಆಮೇಲೆ?" ಎಂದು. ಅಷ್ಟೇ. ಸಣ್ಣ ಅಕ್ಷರದಲ್ಲಿ, ಪಕ್ಕದಲ್ಲಿ ಕೂತು ಕೇಳಿದ ಹಾಗೆ. ಹುಡುಗಿಯರು ಅದಕ್ಕೆ ಹೆದರುತ್ತಿದ್ದರು, ಅದಕ್ಕೇ ಕಾಯುತ್ತಲೂ ಇದ್ದರು. ಆಟದ ಬಯಲಲ್ಲಿ ಅವರಿಗಿದ್ದ ಹೆಸರೂ ಅದೇ: ಆಮೇಲಮ್ಮ.

ಬೀರಮ್ಮನ ಮೊದಲ ಪ್ರತಿಯಲ್ಲೂ ಒಂದು "ಆಮೇಲೆ?" ಇತ್ತು. ಆ ವಾರ ಸ್ವಾತಂತ್ರ್ಯ ಬಂದು ಹತ್ತು ವರ್ಷ ತುಂಬುವುದಿತ್ತು. ಸ್ಕೂಲಿನ ಸಮಾರಂಭದಲ್ಲಿ ಓದಲು ಹುಡುಗಿಯರು ಕತೆ ಬರೆಯಬೇಕಿತ್ತು. ಬೀರಮ್ಮ ತನ್ನ ಚಿಕ್ಕಪ್ಪ ಮಹದೇವುವಿನ ಕತೆ ಬರೆದಳು. ನಲವತ್ತೇಳರಲ್ಲಿ, ಬಾವುಟ ಏರಿದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಮೆರವಣಿಗೆ ನಡೆಯುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ಮನೆಯಿಂದ ಹೋದ ಹುಡುಗ. ಅವನ ನಗು, ಅವನು ಸೈಕಲ್ಲು ಕಲಿತದ್ದು, ಬೆಟ್ಟದ ಮೆಟ್ಟಿಲ ಮೇಲೆ ಅಣ್ಣನ ಮಗಳನ್ನು ಹೆಗಲಿಗೇರಿಸಿ ಓಡಿದ್ದು ಎಲ್ಲವೂ ಅದರಲ್ಲಿತ್ತು. ಕೊನೆಯ ಸಾಲು: *ಚಿಕ್ಕಪ್ಪ ಬರಲಿಲ್ಲ.* ಅದರ ಪಕ್ಕದಲ್ಲಿ ದಾಕ್ಷಾಯಣಮ್ಮ "ಆಮೇಲೆ?" ಎಂದು ಬರೆದರು.

ಹುಡುಗಿ ವಾರವಿಡೀ ಯೋಚಿಸಿ ಅದಕ್ಕೆ ಉತ್ತರ ಬರೆದಳು. ಚಿಕ್ಕಪ್ಪನನ್ನು ಸಾಯಿಸಿದಳು.

"ನಾನೇ ಬರೆಸಿದ್ದು ಕಣಮ್ಮ ಅದು," ಎಂದರು ದಾಕ್ಷಾಯಣಮ್ಮ, ಗೀಟನ್ನೇ ನೋಡುತ್ತ. "ಈಗ ತೆಗೆದುಬಿಡೋಣ. ಎದ್ದು ಹೋದ ಕಡೆಯಿಂದ ಮತ್ತೆ ಬರಿ."

"ಆಗಲ್ಲ ಮೇಡಂ," ಎಂದಳು ಬೀರಮ್ಮ. ಈಗ ಅವಳಿಗೆ ನಿಜವಾಗಿ ಅಳು ಬಂತು. "ಹೆಡ್ ಮಿಸ್ಟ್ರೆಸ್ ಶನಿವಾರವೇ ನನ್ನ ಹತ್ರ ಇಸ್ಕೊಂಡು ಓದ್ಬುಟ್ಟಿದ್ದಾರೆ."

ಹೆಡ್ ಮಿಸ್ಟ್ರೆಸ್ ಅಂಬುಜಮ್ಮ ಕೆಟ್ಟವರಲ್ಲ. ಇಡೀ ಸ್ಕೂಲನ್ನು ಸೆರಗಿಗೆ ಕಟ್ಟಿಕೊಂಡ ಬೀಗದಕೈ ಗೊಂಚಲಿನಂತೆ ಹೊತ್ತು ತಿರುಗುವವರು. ಅಂದು ಬೆಳಿಗ್ಗೆ ಪ್ರಾರ್ಥನೆಯಾದ ಕೂಡಲೇ ದಾಕ್ಷಾಯಣಮ್ಮನವರನ್ನು ಕರೆದು, ಮೇಜಿನ ಮೇಲಿದ್ದ ಆಹ್ವಾನ ಪತ್ರಿಕೆಯನ್ನು ಅವರ ಕಡೆ ತಿರುಗಿಸಿದರು. ಇನ್ನೂ ಅಚ್ಚಿನ ಮಸಿಯ ವಾಸನೆ ಹೋಗಿರಲಿಲ್ಲ.

*ಕಥಾವಾಚನ: "ಹುತಾತ್ಮನ ತಾಯಿ". ಕು. ಬೀರಮ್ಮ. ತದನಂತರ ವೀರಮಾತೆ ಶ್ರೀಮತಿ ಬೆಟ್ಟಮ್ಮನವರಿಗೆ ಸನ್ಮಾನ.*

"ಹೆಸರು ನಾನೇ ಇಟ್ಟೆ," ಎಂದರು ಅಂಬುಜಮ್ಮ. "ಓದ್ತಾ ಕಣ್ಣಲ್ಲಿ ನೀರು ಬಂತು ಕಣ್ರೀ. ಕೇಳಿದ್ರೆ ಸ್ವಂತ ಚಿಕ್ಕಪ್ಪನಂತೆ! ನಮ್ಮ ಸ್ಕೂಲಿನ ಮಗುವಿನ ಮನೇಲೇ ಒಬ್ಬ ಹುತಾತ್ಮ. ಅವಳ ತಂದೆಗೆ ಹೇಳಿಕಳಿಸಿದೆ, ಒಪ್ಪಿದ್ದಾರೆ. ವಿದ್ಯಾಧಿಕಾರಿಗಳೇ ಆ ಮುದುಕಮ್ಮನಿಗೆ ಶಾಲು ಹೊದಿಸ್ತಾರೆ."

"ಅದು ಕತೆ, ಅಮ್ಮಾವ್ರೇ. ಆ ಹುಡುಗ ಏನಾದ ಅಂತ ಮನೆಯವರಿಗೇ ಗೊತ್ತಿಲ್ಲ."

"ಹತ್ತು ವರ್ಷ ಬರದೆ ಇರೋನು ಇನ್ನೇನಾಗಿರ್ತಾನೆ?"

"ಸಾಯೋ ಭಾಗವನ್ನು ಹುಡುಗಿ ಮತ್ತೆ ಬರೀಬೇಕು ಅಂತಿದ್ದಾಳೆ."

"ಅವಳು ಅಂತಿದ್ದಾಳೋ, ಆಮೇಲಮ್ಮ ಅಂತಿದ್ದಾರೋ?" ಅಂಬುಜಮ್ಮ ನಕ್ಕರು. ಆ ಹೆಸರು ಅವರಿಗೂ ಗೊತ್ತಿದೆಯೆಂದು ದಾಕ್ಷಾಯಣಮ್ಮನಿಗೆ ಅಂದೇ ತಿಳಿದದ್ದು. "ನೋಡಿ, ಬೇರೆ ಎಲ್ಲಿ ಬೇಕಾದ್ರೂ ತಿದ್ದಿಸಿ. ಕೊನೆ ಮಾತ್ರ ಮುಟ್ಟಬೇಡಿ. ಕಾರ್ಡು ಹಂಚಿ ಆಗಿದೆ."

ಕಾರ್ಡು ಕೈಯಲ್ಲಿ ಹಿಡಿದು ಹೊರಗೆ ಬಂದಾಗ ದಾಕ್ಷಾಯಣಮ್ಮನಿಗೆ ಬಿಸಿಲು ಕಣ್ಣು ಕುಕ್ಕಿತು. ಒಬ್ಬ ಮನುಷ್ಯ ಸತ್ತಿದ್ದಾನೋ ಬದುಕಿದ್ದಾನೋ ಎಂಬುದು ಗುರುವಾರ ಬೆಳಿಗ್ಗೆ ತಮ್ಮ ಸ್ಕೂಲಿನ ಅಂಗಳದಲ್ಲಿ ತೀರ್ಮಾನವಾಗಲಿದೆ. ಅದಕ್ಕೆ ಮೊದಲು ದಾರಿ ಮಾಡಿಕೊಟ್ಟದ್ದು ತಮ್ಮದೇ ಒಂದು ಪದ.

ಅಂದು ಸಂಜೆ ವರ್ಕ್‌ಷಾಪಿನ ಕೂಗು ಆಗಿ, ನೀಲಿ ಅಂಗಿಯ ಗಂಡಸರು ಸೈಕಲ್ಲು ತಳ್ಳಿಕೊಂಡು ಗೇಟಿನಿಂದ ಹೊರಬೀಳುವ ಹೊತ್ತಿಗೆ ದಾಕ್ಷಾಯಣಮ್ಮ ಬೀರಮ್ಮನ ಮನೆಯ ಜಗಲಿ ಹತ್ತಿದರು. ಬೀರಮ್ಮನ ತಂದೆ ಚೆಲುವರಾಜು ವರ್ಕ್‌ಷಾಪಿನಲ್ಲಿ ಫಿಟ್ಟರ್. ಆಗತಾನೇ ಬಂದು ಕೈಯ ಗ್ರೀಸು ತೊಳೆಯುತ್ತಿದ್ದವನು ಗಾಬರಿಯಾಗಿ ನೆಟ್ಟಗಾದ.

"ಬನ್ನಿ ಮೇಡಂ, ಬನ್ನಿ. ಬೀರಿ, ಚಾಪೆ ಹಾಸೇ. ಒಳಗೆ ಬಾಳೇಹಣ್ಣು ಐತಾ ನೋಡು." ಆಮೇಲೆ ಸಂಕೋಚದಿಂದ, "ನೀವು ಲಿಂಗವಂತ್ರು, ನಮ್ಮನೇಲಿ ಕಾಫಿ ಗೀಫಿ ಮುಟ್ತೀರೋ ಇಲ್ವೋ," ಎಂದ.

"ಕಾಫಿನೇ ಕೊಡಿ," ಎಂದರು ದಾಕ್ಷಾಯಣಮ್ಮ. "ತುಂಬಾ ನಡೆದಿದ್ದೀನಿ."

ಹಿತ್ತಿಲಲ್ಲಿ ಬೆಟ್ಟಮ್ಮ ಈ ಕಡೆ ಬೆನ್ನು ಮಾಡಿ ರಾಗಿ ಕೇರುತ್ತಿದ್ದಳು. ಒಣಗಿದ ಕೈಗಳು, ಮೊರದ ಸದ್ದು ಮಾತ್ರ ಒಂದೇ ಸಮ.

"ಅವ್ವ, ಸ್ಕೂಲ್ ಮೇಡಂ ಬಂದವ್ರೆ. ನಿನ್ನ ಹತ್ರ ಮಾತಾಡ್ಬೇಕಂತೆ."

"ಒತ್ತು ಮುಳುಗ್ಲಿ."

"ಮಾತಾಡಕ್ಕೂ ಹೊತ್ತು ನೋಡ್ಬೇಕಾ? ಪಂಚಾಂಗ ತರ್ಲಾ?"

"ಅವ್ರು ಬಂದಿರದು ಮಾತಿಗಲ್ಲ ಕಣ್ಲಾ, ಕತೆಗೆ. ಮೊಕ ನೋಡುದ್ರೆ ಗೊತ್ತಾಗಕಿಲ್ವಾ?" ಮುದುಕಿ ತಿರುಗಿಯೂ ನೋಡಿರಲಿಲ್ಲ. "ಅಗಲೊತ್ತು ಕತೆ ಏಳಿದ್ರೆ ದಾರೀಲಿರೋರು ದಾರಿ ತಪ್ತಾರೆ. ಕೂತ್ಕೊಳ್ಳಿ ಮೇಷ್ಟ್ರಮ್ಮ. ಕಾಫಿ ಕುಡೀರಿ."

ಹಗಲು ಕತೆ ಹೇಳಬಾರದು ಎಂಬ ಮಾತನ್ನು ದಾಕ್ಷಾಯಣಮ್ಮ ಚಿಕ್ಕಂದಿನಲ್ಲಿ ಕೇಳಿದ್ದರು. ಕೆಲಸದ ಹೊತ್ತಿನಲ್ಲಿ ಮಕ್ಕಳು ಕಾಡದಿರಲಿ ಎಂದು ಹೆಂಗಸರು ಮಾಡಿಕೊಂಡ ಉಪಾಯ ಎಂದುಕೊಂಡಿದ್ದರು. ಇಲ್ಲಿ ಹಾಗಿರಲಿಲ್ಲ. ಬೆಳಕು ಗೋಡೆಯಿಂದ ಇಳಿದು, ಕೋಳಿಗೂಡಿನ ಮೇಲೆ ನಿಂತು, ಆಮೇಲೆ ಅಲ್ಲಿಂದಲೂ ಹೋಗುವ ತನಕ ಅವರು ಕಾಯಬೇಕಾಯಿತು. ಯಾರೂ ಮಾತಾಡಲಿಲ್ಲವೆಂದಲ್ಲ, ಚೆಲುವರಾಜು ತಗ್ಗಿದ ದನಿಯಲ್ಲಿ ಬಿಡದೆ ಮಾತಾಡುತ್ತಿದ್ದ.

"ನಾನು ಒಪ್ಕೊಂಡಿದ್ದು ತಪ್ಪಾ ಮೇಡಂ? ನೀವೇ ಹೇಳಿ. ಹಿರೀಕರ ಹಬ್ಬ ಬಂದ್ರೆ ಎಲ್ರಿಗೂ ಎಡೆ ಇಡ್ತೀವಿ. ನಮ್ಮಪ್ಪಂಗೆ, ತಾತಂಗೆ. ನನ್ನ ತಮ್ಮಂಗೆ ಇಡಂಗಿಲ್ಲ. ಅವ್ವ ಬುಡಲ್ಲ. ಎಲ್ಲೋ ಸತ್ತು ಹಸ್ಕೊಂಡು ಅಲೀತಿದ್ರೆ? ಹತ್ತು ವರ್ಷ ಒಂದು ತುತ್ತು ಇಲ್ಲ ಅವನಿಗೆ. ಸರ್ಕಾರದೋರೇ ಶಾಲು ಹೊದಿಸಿದ್ರೆ ಅವ್ವ ಒಪ್ಕೋತಾಳೆ ಅಂದ್ಕಂಡೆ. ಈ ಸಲ ಎಡೆ ಇಡ್ಬೌದು ಅಂದ್ಕಂಡೆ."

ಈ ಮನೆಯಲ್ಲಿ ಮಹದೇವುವಿಗಾಗಿ ಸಂಕಟಪಡುತ್ತಿದ್ದವರಲ್ಲಿ ಇವನೂ ಒಬ್ಬ.

ಬೀರಮ್ಮನ ತಾಯಿ ದೀಪ ಹಚ್ಚಿ ಗೂಡಿನಲ್ಲಿಟ್ಟಳು. ಆಗ ಬೆಟ್ಟಮ್ಮ ಮೊರ ಬದಿಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, ದಾಕ್ಷಾಯಣಮ್ಮನ ಎದುರಿಗೆ ಕೂತಳು.

"ಎದ್ದೋದ ಕಡೆ ಗೀಟು ಆಕು ಅಂದೋರು ನೀವೇ ಅಲ್ವಾ?"

"ಹೌದು ಅಜ್ಜಿ."

"ಬೇಜಾರಾಗಿ ಎದ್ದೆ ಅಂದ್ಕಂಡ್ರಾ? ಮಗಾ ಚೆನ್ನಾಗೇ ಬರದದೆ. ಅಂಗೇ ಕಣ್ಮುಂದೆ ಬಂದ. ಬಂದೋನ ಕತ್ತು ಇಸುಕ್ಬುಟ್ರಲ್ಲ ತಾಯಿ, ಅದಕ್ಕೆ ಎದ್ದೆ."

ಅಡಿಗೆಮನೆಯ ಬಾಗಿಲಲ್ಲಿ ಬೀರಮ್ಮ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಅವತ್ತು ಇವ್ಳು ಇಷ್ಟುದ್ದ," ಎಂದು ಬೆಟ್ಟಮ್ಮ ನೆಲದಿಂದ ಕೈ ಎತ್ತಿ ತೋರಿಸಿದಳು. "ಜ್ವರ. ಮೈ ಕೆಂಡ ಕೆಂಡ. ಕತೆ ಏಳು, ಕತೆ ಏಳು ಅಂತ ಒಂದೇ ಅಳು. ನಡುಮದ್ಯಾನ. ಸಂದೇಗೆ ಏಳ್ತೀನಿ ಮಲೀಕೋ ಅಂದ್ರೆ ಕೇಳ್ನಿಲ್ಲ. ಸುರು ಮಾಡ್ಬುಟ್ಟೆ. ರಾಜನ ಮಗ ಕುದ್ರೆ ಅತ್ಕೊಂಡು ಕಾಡಿಗೆ ಓಯ್ತಾನೆ, ಅಲ್ಲೀಗಂಟ. ಮಹದೇವು ಬಾಗ್ಲಲ್ಲಿ ನಿಂತು ಅಂಗಿ ಗುಂಡಿ ಆಕತಾ ಇದ್ದ. 'ಅವ್ವ, ಅಗಲೊತ್ತು ಕತೆ ಏಳ್ತಿದ್ದೀಯ, ನಾನೇನಾರ ದಾರಿ ತಪ್ಪುದ್ರೆ ನೀನೇ ಉಡುಕ್ಕೊಂಡು ಬರ್ಬೇಕು ನೋಡು' ಅಂತ ನಗಾಡ್ಕೊಂಡು ಓದ. ಇತ್ಲಾಗೆ ಇವ್ಳಿಗೆ ನಿದ್ದೆ ಬಂತು. ನಾನು ಅಲ್ಲಿಗೇ ನಿಲ್ಲಿಸ್ದೆ."

"ಆಮೇಲೆ?" ಎಂಬ ಪದ ದಾಕ್ಷಾಯಣಮ್ಮನ ನಾಲಿಗೆಯ ತುದಿಗೆ ಬಂತು. ಅವರು ತುಟಿ ಬಿಗಿಹಿಡಿದರು.

"ಇವತ್ತಿಗೂ ಆ ಕತೆ ಮುಗಿಸಿಲ್ಲ ನಾನು. ಯಾರಿಗೂ ಏಳಿಲ್ಲ. ಮುಗೀಲಿಲ್ಲ ಅಂದ್ರೆ ರಾಜನ ಮಗ ಕಾಡಲ್ಲವ್ನೆ, ನನ್ನ ಮಗ ದಾರೀಲವ್ನೆ. ಇಬ್ರೂ ಬರ್ಬೇಕು. ನೀವು ಮುಗಿಸ್ಬುಟ್ರಿ."

"ನನಗೆ ಜ್ವರ ಇತ್ತಾ ಅಜ್ಜಿ?" ಬೀರಮ್ಮ ಕೇಳಿದಳು. "ನನಗೋಸ್ಕರ ಹೇಳಿದ್ದಾ?"

"ಮಗಾ ಕೇಳುದ್ರೆ ಏಳ್ದೆ ಇರಕಾಯ್ತದಾ? ನಿಂದೇನಿಲ್ಲ ಬುಡು. ಬಾ ಇಲ್ಲಿ."

ಹುಡುಗಿ ಬರಲಿಲ್ಲ. ನಿಂತಲ್ಲೇ ಕುಸಿದು ಮೊಣಕಾಲಿಗೆ ಮುಖ ಒತ್ತಿಕೊಂಡಳು. ದಾಕ್ಷಾಯಣಮ್ಮ ಕಾರ್ಡು ತೆಗೆದರು. ಅದನ್ನು ಓದಿ ಹೇಳುವುದು ಇಷ್ಟು ಕಷ್ಟವಾಗಬಹುದೆಂದು ಅವರು ಎಣಿಸಿರಲಿಲ್ಲ. ಗುರುವಾರ ನಿಮಗೆ ಶಾಲು ಹೊದಿಸುತ್ತಾರೆ, ಹುತಾತ್ಮನ ತಾಯಿ ಎಂದು ಕರೆಯುತ್ತಾರೆ ಎಂದರು.

"ಉತಾತ್ಮ ಅಂದ್ರೆ?"

"ದೇಶಕ್ಕೋಸ್ಕರ ಸತ್ತೋನು."

ಬೆಟ್ಟಮ್ಮ ಮಗನ ಕಡೆ ತಿರುಗಿದಳು. "ಒಪ್ಕೊಂಡಿದ್ದೀಯಾ ನೀನು?"

"ಅವ್ವ, ಹತ್ತು ವರ್ಷ ಆಯ್ತು."

"ನಾಳಿಕ್ಕೆ ನಿನ್ನ ತಮ್ಮ ಬಂದು ಬಾಗ್ಲಲ್ಲಿ ನಿಂತು ಅಣ್ಣಾ ಅನ್ನ ಇಕ್ಕು ಅಂದ್ರೆ, ಎಡೆಗಿಟ್ಟಿದ್ದ ಅನ್ನವ ಬಡಿಸ್ತೀಯಾ?"

ಚೆಲುವರಾಜು ಕೈಯಲ್ಲಿ ಉಳಿದಿದ್ದ ಗ್ರೀಸನ್ನು ಉಗುರಿನಿಂದ ಕೆರೆಯತೊಡಗಿದ.

"ಅಜ್ಜಿ," ಎಂದಳು ಬೀರಮ್ಮ, ಮುಖ ಎತ್ತದೆಯೇ. "ನಾನು ಓದ್ಲಾ, ಬೇಡ್ವಾ? ಬೆಳಿಗ್ಗೆ ಹೊತ್ತು ಓದ್ಸೋದು. ಬಾವುಟ ಹಾರಿಸಿದ ಮೇಲೆ."

ಮುದುಕಿ ದೀಪದ ಕಡೆ ತಿರುಗಿದಳು. "ಮುಗೀದೆ ಇರೋದು ಕತೆಯಲ್ಲ ಕಣವ್ವ, ಮಾತು. ಮಾತ ಯಾವೊತ್ತಾರ ಆಡ್ಬೌದು." ಅಷ್ಟು ಹೇಳಿ ಎದ್ದು ಹೋದಳು. ಆದರೆ ಅಂದು ತಟ್ಟೆಯ ಮುಂದೆ ಕೂತು ಮುದ್ದೆ ಮುರಿದಳೆಂದು ಬೀರಮ್ಮ ಮರುದಿನ ಸ್ಕೂಲಿನಲ್ಲಿ ಹೇಳಿದಳು.

ಬುಧವಾರ ಸಂಜೆ ಇಡೀ ಸ್ಕೂಲು ತೋರಣ ಕಟ್ಟುವುದರಲ್ಲಿತ್ತು. ಮೂಲೆಯ ತರಗತಿಯಲ್ಲಿ ಬೀರಮ್ಮ, ದಾಕ್ಷಾಯಣಮ್ಮ ಇಬ್ಬರೇ ಇದ್ದರು. ಹುಡುಗಿ ಸಾವಿನ ಪ್ಯಾರಾ ಹೊಡೆದುಹಾಕಿದಳು. ಉಳಿದದ್ದು ಮತ್ತೆ *ಚಿಕ್ಕಪ್ಪ ಬರಲಿಲ್ಲ.* ಅದನ್ನೂ ಹೊಡೆದಳು. ಹೊರಗೆ ಹುಡುಗಿಯರು ಬಣ್ಣದ ಕಾಗದಕ್ಕಾಗಿ ಜಗಳವಾಡುತ್ತಿದ್ದರು.

"ಒಂದು ಸಾಲು ನೀವೇ ಹೇಳಿ ಮೇಡಂ."

ದಾಕ್ಷಾಯಣಮ್ಮನ ಬಳಿ ಸಾಲು ಇತ್ತು. ರಾತ್ರಿಯಿಂದ ತಯಾರಾಗಿ ಕೂತಿತ್ತು. ಚೆಲುವಾದ ಸಾಲು, ಸಮಾಸಗಳೆಲ್ಲ ಒಪ್ಪವಾಗಿ ಜೋಡಿಸಿಕೊಂಡದ್ದು. ಒಮ್ಮೆ ಹೇಳಿಬಿಟ್ಟರೆ ಎಲ್ಲರೂ ಮನೆಗೆ ಹೋಗಬಹುದು. ಅವರು ಸೀಸದಕಡ್ಡಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಿಟಕಿಯ ಬಳಿ ಹೋಗಿ ನಿಂತರು. ಅಲ್ಲಿಂದ ಬೆಟ್ಟ ಕಾಣುತ್ತಿತ್ತು. ಹಿಂದೆ ಲೇಖನಿಯ ಗರಗರ ಸದ್ದು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ತಿರುಗಿ ನೋಡಬಾರದೆಂದು ಅವರು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದಿದ್ದರು.

ಕರೆದಾಗ ಹೋಗಿ ಓದಿದರು. ಜ್ವರ ಬಂದ ಮಗು, ಮಧ್ಯಾಹ್ನ, ಅಂಗಿಯ ಗುಂಡಿ, ನಗು. ಕೊನೆಗೆ: *ರಾಜನ ಮಗ ಕುದುರೆ ಹತ್ತಿ ಕಾಡಿಗೆ ಹೋದ. ಮುಂದೆ ಏನಾಯಿತೆಂದು ನಾನು ಹೇಳುವುದಿಲ್ಲ. ಈಗ ಹಗಲು. ನಮ್ಮವರೊಬ್ಬರು ಇನ್ನೂ ದಾರಿಯಲ್ಲಿದ್ದಾರೆ.*

ಹಾಳೆಯ ಅಂಚು ಖಾಲಿಯಾಗಿತ್ತು. ಅವರು ಅದನ್ನು ಖಾಲಿಯಾಗಿಯೇ ಬಿಟ್ಟರು.

"ತಿದ್ದಿದ್ದು ಮುಗೀತಾ?" ಬಾಗಿಲಲ್ಲಿ ಬೀಗದಕೈ ಗೊಂಚಲು ಸದ್ದಾಯಿತು. ಅಂಬುಜಮ್ಮ ಒಳಗೆ ಬಂದು ಕೈ ಚಾಚಿದರು. ಕೊನೆಯ ಹಾಳೆಯನ್ನು ಮೊದಲು ಓದಿದರು. ಮುಖದಲ್ಲಿದ್ದ ಸಡಗರವೆಲ್ಲ ಆರಿತು.

"ಕೊನೆ ಮುಟ್ಟಬೇಡಿ ಅಂದಿದ್ದೆ."

"ನಾನು ಮುಟ್ಟಿಲ್ಲ," ಎಂದರು ದಾಕ್ಷಾಯಣಮ್ಮ. "ಅವಳ ಕತೆ. ಅವಳು ಮುಟ್ಟಿದ್ದಾಳೆ."

"ಇದು ಕೊನೆಯಾ? ಸಾವಿರ ಜನ ಕೂತು ಕೇಳಿದ ಮೇಲೆ, ಹೇಳೋದಿಲ್ಲ ಅಂದ್ರೆ ನಗೋದಿಲ್ವಾ? ಆಮೇಲೆ ಶಾಲು ಯಾರಿಗೆ ಹೊದಿಸ್ಲಿ ನಾನು?" ಅವರು ಹಾಳೆಗಳನ್ನು ಬೆಂಚಿನ ಮೇಲಿಟ್ಟು ಬೀರಮ್ಮನ ಕಡೆ ನೋಡಿದರು. "ನಾಳೆ ನೀನು ಹಳೇದನ್ನೇ ಓದ್ತೀಯಮ್ಮ. ಆಗದೆ ಇದ್ರೆ ಈಗಲೇ ಹೇಳು. ಪ್ರೇಮಲೀಲಾ ಹತ್ರ ಅದರ ಪ್ರತಿ ಇದೆ. ಅವಳ ಗಂಟಲೂ ಚೆನ್ನಾಗಿದೆ."

ಬೀರಮ್ಮ ದಾಕ್ಷಾಯಣಮ್ಮನನ್ನು ನೋಡಿದಳು. ಅವರು ಏನೂ ಹೇಳಲಿಲ್ಲ. ಹೇಳಿದರೆ ಅದೂ ಬರೆಸಿದಂತೆಯೇ.

"ನಾನೇ ಓದ್ತೀನಿ," ಎಂದಳು ಹುಡುಗಿ. ಯಾವುದನ್ನು ಎಂದು ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ವರ್ಕ್‌ಷಾಪಿಗೆ ರಜೆ, ಕೂಗು ಇರಲಿಲ್ಲ. ದಾಕ್ಷಾಯಣಮ್ಮ ಅದಕ್ಕಾಗಿ ಕಾದು ಕೂತು, ಪೂಜೆ ಮುಗಿದದ್ದೇ ತಿಳಿಯದೆ ತಡಮಾಡಿದರು. ಸ್ಕೂಲಿಗೆ ಬಂದಾಗ ಬಾವುಟ ಏರಿಯಾಗಿತ್ತು. ಶಾಮಿಯಾನದ ಮೊದಲ ಸಾಲಿನ ಕುರ್ಚಿಯಲ್ಲಿ ಬೆಟ್ಟಮ್ಮ, ಒಗೆದ ಸೀರೆಯುಟ್ಟು, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅವಳು ಬರುವುದಿಲ್ಲವೆಂದೇ ದಾಕ್ಷಾಯಣಮ್ಮ ಎಣಿಸಿದ್ದರು. ಪಕ್ಕದಲ್ಲಿ ಚೆಲುವರಾಜು, ಇಸ್ತ್ರಿಯ ಅಂಗಿ.

"ಮೊಮ್ಮಗಳು ಮಾತಾಡ್ತಾಳಂತೆ, ಕೇಳಕ್ಕೆ ಬಂದೆ," ಎಂದಳು ಬೆಟ್ಟಮ್ಮ. ಕತೆ ಎನ್ನಲಿಲ್ಲ.

ವೇದಿಕೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಜರಿಯಂಚಿನ ಶಾಲು, ಹೂವಿನ ಹಾರ. ವಿದ್ಯಾಧಿಕಾರಿಗಳು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಬೀರಮ್ಮನ ಹೆಸರು ಕರೆದರು. ಅವಳು ಬಂದಳು. ಹೊಸ ಪ್ರತಿ, ಪ್ರೇಮಲೀಲಾಳಿಂದ ತಂದ ಹಳೆಯ ಪ್ರತಿ ಎರಡೂ ಅವಳ ಕೈಯಲ್ಲಿದ್ದವು, ಒಂದರ ಮೇಲೊಂದು. ಟೀಚರುಗಳ ಸಾಲಿನಿಂದ ಯಾವುದು ಮೇಲಿದೆಯೆಂದು ಕಾಣುತ್ತಿರಲಿಲ್ಲ.

ಓದತೊಡಗಿದಳು. ಸೈಕಲ್ಲು ಬಂದಾಗ ಹುಡುಗಿಯರು ನಕ್ಕರು. ಬೆಟ್ಟದ ಮೆಟ್ಟಿಲು ಬಂದಾಗ ನಗು ನಿಂತಿತು. ಅಲ್ಲಿಯವರೆಗೆ ಎರಡು ಪ್ರತಿಯೂ ಒಂದೇ. ದಾಕ್ಷಾಯಣಮ್ಮ ಬೆಟ್ಟಮ್ಮನ ಬೆನ್ನನ್ನೇ ನೋಡುತ್ತಿದ್ದರು. ಆ ಬೆನ್ನು ಎದ್ದರೆ ಮುಗಿಯಿತು.

*"ಆ ಮಧ್ಯಾಹ್ನ ನನಗೆ ಜ್ವರ ಬಂದಿತ್ತು,"* ಎಂದಳು ಬೀರಮ್ಮ.

ಅದು ಹೊಸ ಪ್ರತಿ. ಬೆಟ್ಟಮ್ಮ ಅಲುಗಾಡಲಿಲ್ಲ. ಚೆಲುವರಾಜು ಕೈಯನ್ನು ಬಾಯಿಗೆ ಒತ್ತಿಕೊಂಡಿದ್ದ. ಹುಡುಗಿ ಕೊನೆಯ ಸಾಲು ಓದಿ, ಹಾಳೆ ಮಡಿಸಿ, ನಿಂತಳು. ಚಪ್ಪಾಳೆಯಿಲ್ಲ, ನಗುವೂ ಇಲ್ಲ. ಶಾಮಿಯಾನದ ಬಟ್ಟೆ ಗಾಳಿಗೆ ಉಬ್ಬಿ ಇಳಿಯಿತು. ಹಿಂದೆ ಎಲ್ಲೋ ಒಬ್ಬ ಹೆಂಗಸು ಮೂಗು ಒರೆಸಿಕೊಂಡಳು.

ಆ ಮೌನವನ್ನು ಅಂಬುಜಮ್ಮ ತಪ್ಪಾಗಿ ತಿಳಿದರು. ಸಭೆ ಕೆಟ್ಟಿತೆಂದುಕೊಂಡರೋ, ಹುಡುಗಿಯ ಮರ್ಯಾದೆ ಉಳಿಸಬೇಕೆಂದುಕೊಂಡರೋ, ಶಾಲಿನ ತಟ್ಟೆ ಕೈಗೆತ್ತಿಕೊಂಡು ಮೈಕಿನ ಮುಂದೆ ಬಂದರು.

"ನಮ್ಮ ಹುಡುಗಿ ದುಃಖದಿಂದ ಕೊನೆಯನ್ನು ನುಂಗಿಕೊಂಡಿದ್ದಾಳೆ. ಮಾನ್ಯ ಅತಿಥಿಗಳೇ, ಈ ಕತೆಯ ಕೊನೆ ನನಗೆ ಗೊತ್ತು. ಈ ವೀರಮಾತೆಯ ಮಗನಿಗೆ ಅಂದು ಏನಾಯಿತೆಂಬುದನ್ನು ನಾನೇ ಹೇಳುತ್ತೇನೆ."

ಬೆಟ್ಟಮ್ಮನ ಕೈ ಕುರ್ಚಿಯ ತೋಳನ್ನು ಹಿಡಿಯಿತು. ಏಳಲು ನೋಡಿದಳು, ಮೊಣಕಾಲು ಬರಲಿಲ್ಲ. ಚೆಲುವರಾಜು ತಾಯಿಯ ಕಡೆ ನೋಡಿದ, ವೇದಿಕೆಯ ಕಡೆ ನೋಡಿದ, ಕೂತಲ್ಲೇ ಕಲ್ಲಾದ.

ದಾಕ್ಷಾಯಣಮ್ಮ ಎದ್ದರು. ಟೀಚರುಗಳ ಸಾಲಿನಿಂದ ಹೊರಬಂದು, ಅತಿಥಿಗಳ ಮುಂದೆ ಅಡ್ಡ ಹಾಯ್ದರು. ಆ ಸ್ಕೂಲಿನಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಬಗ್ಗಿ ಮುದುಕಿಯ ತೋಳಿನ ಕೆಳಗೆ ತಮ್ಮ ತೋಳು ಕೊಟ್ಟು ಎತ್ತಿದರು.

"ಅಂದು ಸಂಜೆ," ಎನ್ನುತ್ತಿತ್ತು ಮೈಕು, "ಬಾವುಟ ಹಿಡಿದ ಆ ತರುಣ..."

"ನಡೀರಿ ಅಜ್ಜಿ," ಎಂದರು ದಾಕ್ಷಾಯಣಮ್ಮ, ಆ ದನಿಗಿಂತ ಗಟ್ಟಿಯಾಗಿ, ಮುದುಕಿಯ ಕಿವಿಗೆ ಬಾಯಿಟ್ಟು. "ಬೇರೆ ಮಾತಾಡೋಣ. ರಾಗಿ ಯಾವ ಕಡೇದು ನಿಮ್ಮನೇದು? ಶ್ರೀರಾಂಪುರದ್ದಾ?"

"ನಮ್ಮೊಲದ್ದೇ ಕಣವ್ವ," ಎಂದಳು ಬೆಟ್ಟಮ್ಮ. "ಈ ಸಲ ಕಾಳು ವಸಿ ಸಣ್ಣ."

"ಸಣ್ಣ ಅಂದ್ರೆ ಎಷ್ಟು ಸಣ್ಣ, ಹೇಳಿ," ಎಂದರು ದಾಕ್ಷಾಯಣಮ್ಮ, ಹಿಂದೆ ಮೈಕಿನ ವಾಕ್ಯ ಇನ್ನೂ ಮುಗಿದಿರಲಿಲ್ಲ, ಮುಗಿಯುವುದರೊಳಗೆ ದಾಟಬೇಕಿತ್ತು, ಅವರು ಮುದುಕಿಯ ಕೈ ಬಿಡದೆ ಶಾಮಿಯಾನದ ನೆರಳಿನಿಂದ ಬಿಸಿಲಿಗೆ ಇಳಿದು, ಬಾವುಟದ ಕಂಬ ಬಳಸಿ, ರಾಗಿಯ ಬಗ್ಗೆ ಇನ್ನೊಂದು, ಮತ್ತೊಂದು ಕೇಳುತ್ತ, ಗೇಟಿನ ಕಡೆಗೆ ಒಂದೊಂದೇ ಹೆಜ್ಜೆ...